ಬೂಟು ಕಚ್ಚಿದ ಕಾಲಿಗೆ: ಬೊಬ್ಬೆ, ದಡ್ಡು, ಆಣಿಗಳ ಬಗ್ಗೆ ಓದುಗರ ಪ್ರಶ್ನೆಗಳು

ಪಾದದ ಚರ್ಮದ ಬಗ್ಗೆ ಬಂದಿರುವ ಪತ್ರಗಳಲ್ಲಿ ಆರನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಕೇಳಿದವರ ವಯಸ್ಸು, ಕೆಲಸ, ತೊಂದರೆಗಳು ಬೇರೆ ಬೇರೆಯಾಗಿದ್ದರೂ ಎಲ್ಲದರ ಹಿಂದೆಯೂ ಚರ್ಮ ಮತ್ತು ಪಾದರಕ್ಷೆಯ ನಡುವಿನ ತಿಕ್ಕಾಟ ಇದೆ. ಒಬ್ಬರಿಗೆ ಬರೆದ ಉತ್ತರದಲ್ಲಿ ಇನ್ನೊಬ್ಬರಿಗೆ ಬೇಕಾದ ಸಂಗತಿಯೂ ಇರಬಹುದಾದ್ದರಿಂದ ದಯವಿಟ್ಟು ಎಲ್ಲವನ್ನೂ ಓದಿ.

ಪ್ರಶ್ನೆ: ನಾಲ್ಕು ತಿಂಗಳಿನಿಂದ ದೂರದ ಓಟದ ಅಭ್ಯಾಸ ಮಾಡುತ್ತಿದ್ದೇನೆ. ಹತ್ತು ಕಿಲೋಮೀಟರ್ ದಾಟುತ್ತಿದ್ದಂತೆ ಬಲ ಹಿಮ್ಮಡಿಯ ಹಿಂಭಾಗದಲ್ಲಿ ನೀರು ತುಂಬಿದ ಬೊಬ್ಬೆ ಏಳುತ್ತದೆ. ಅದನ್ನು ಒಡೆಯಬೇಕೆಂದು ಕೆಲವರು, ಮುಟ್ಟಲೇಬಾರದೆಂದು ಕೆಲವರು ಹೇಳುತ್ತಾರೆ. ಯಾವುದು ಸರಿ? ಮತ್ತೆ ಏಳದಂತೆ ಏನು ಮಾಡಬೇಕು?

ಉತ್ತರ: ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ ನೋಡಿ. ಬಲಗೈಯ ತೋರುಬೆರಳಿನ ತುದಿಯನ್ನು ಎಡ ಅಂಗೈಯ ಹಿಂಬದಿಯ ಮೇಲೆ ಒತ್ತಿ ಹಿಡಿದು, ಬೆರಳು ಜಾರದಂತೆ ನೋಡಿಕೊಂಡು ಹಿಂದಕ್ಕೂ ಮುಂದಕ್ಕೂ ಆಡಿಸಿ. ಚರ್ಮ ಬೆರಳಿನೊಂದಿಗೇ ಹೋಗುತ್ತದೆ, ಕೆಳಗಿನ ಮೂಳೆ ಮಾತ್ರ ಇದ್ದಲ್ಲೇ ಇರುತ್ತದೆ. ಷೂವಿನೊಳಗೆ ಇದೇ ತಿರುವುಮುರುವಾಗಿ ನಡೆಯುತ್ತದೆ. ಬೆವರಿನಿಂದ ಒದ್ದೆಯಾದ ಕಾಲುಚೀಲಕ್ಕೆ ಚರ್ಮ ಅಂಟಿಕೊಂಡು ನಿಂತರೆ ಒಳಗಿನ ಮೂಳೆ ಪ್ರತಿ ಹೆಜ್ಜೆಗೂ ಹಿಂದೆ ಮುಂದೆ ಸರಿಯುತ್ತದೆ, ಇವೆರಡರ ನಡುವೆ ಸಿಕ್ಕ ಹೊರಚರ್ಮದ ಮಧ್ಯದ ಪದರ ಸಾವಿರಾರು ಬಾರಿ ಎಳೆದಾಟಕ್ಕೆ ಒಳಗಾಗಿ ಕೊನೆಗೆ ಹರಿಯುತ್ತದೆ. ಹರಿದ ಸಂದಿಯಲ್ಲಿ ಒಂದೆರಡು ಗಂಟೆಗಳಲ್ಲಿ ನೀರು ತುಂಬಿಕೊಳ್ಳುತ್ತದೆ. ಹಿಮ್ಮಡಿ ಮತ್ತು ಅಂಗಾಲಿನ ಮೇಲ್ಪದರ ದಪ್ಪವಾಗಿರುವುದರಿಂದ ಅದು ಸವೆದುಹೋಗದೆ ಉಳಿದು ಬೊಬ್ಬೆಯ ಮುಚ್ಚಳವಾಗುತ್ತದೆ. ಚರ್ಮ ತೆಳುವಾಗಿರುವ ಕಡೆ ಅದೇ ತಿಕ್ಕಾಟ ತರಚುಗಾಯವನ್ನು ಮಾಡುತ್ತದೆ.

ಬೊಬ್ಬೆಯನ್ನು ಒಡೆಯಬೇಕೇ ಎಂಬ ಪ್ರಶ್ನೆಗೆ ಉತ್ತರ ಆ ಮುಚ್ಚಳದಲ್ಲಿಯೇ ಇದೆ. ಕೆಳಗಿನ ಹಸಿ ಚರ್ಮಕ್ಕೆ ಅದಕ್ಕಿಂತ ಒಳ್ಳೆಯ ಹೊದಿಕೆಯನ್ನು ಯಾವ ಔಷಧಿ ಅಂಗಡಿಯೂ ಕೊಡಲಾರದು. ಬೊಬ್ಬೆ ಚಿಕ್ಕದಾಗಿದ್ದು ನೋವು ಕೊಡದಿದ್ದರೆ ಮುಟ್ಟಬೇಡಿ; ಮೇಲೊಂದು ಮೆತ್ತನೆಯ ಪಟ್ಟಿ ಹಾಕಿ ಬಿಡಿ, ನೀರು ತಾನಾಗಿ ಇಂಗುತ್ತದೆ. ದೊಡ್ಡದಾಗಿ, ಬಿಗಿದುಕೊಂಡು, ಹೆಜ್ಜೆ ಊರಲು ಬಿಡದಿದ್ದರೆ ನೀರನ್ನು ತೆಗೆಯಬಹುದು, ಆದರೆ ಚರ್ಮವನ್ನು ಕಿತ್ತು ತೆಗೆಯಬಾರದು. ಕೈಯನ್ನೂ ಬೊಬ್ಬೆಯನ್ನೂ ಸೋಪಿನಿಂದ ತೊಳೆದು, ಕ್ರಿಮಿರಹಿತವಾದ ಹೊಸ ಸೂಜಿಯಿಂದ ಬೊಬ್ಬೆಯ ಅಂಚಿನಲ್ಲಿ ಎರಡು ಮೂರು ಕಡೆ ಸಣ್ಣದಾಗಿ ಚುಚ್ಚಿ, ಶುಚಿಯಾದ ಬಟ್ಟೆಯಿಂದ ಮೆಲ್ಲಗೆ ಒತ್ತಿ ನೀರನ್ನು ಹೊರಹಾಕಿ. ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ, ಅಂಟಿಕೊಳ್ಳದ ಬ್ಯಾಂಡೇಜ್ ಕಟ್ಟಿ. ಮೊದಲ ದಿನ ಮತ್ತೆ ನೀರು ತುಂಬುವುದು ಸಹಜ. ಇನ್ನೊಮ್ಮೆ ಇದೇ ರೀತಿ ತೆಗೆಯಬಹುದು. ಒಂದು ದಿನದೊಳಗೆ ತಳದ ಜೀವಕೋಶಗಳು ಹೊಸ ಚರ್ಮವನ್ನು ಕಟ್ಟಲು ತೊಡಗುತ್ತವೆ, ಸುಮಾರು 120 ಗಂಟೆಗಳಲ್ಲಿ ಹೊಸ ಮೇಲ್ಪದರ ಕಾಣಿಸಿಕೊಳ್ಳುತ್ತದೆ. ಅಷ್ಟು ದಿನ ಓಟಕ್ಕೆ ಬಿಡುವು ಕೊಡಿ. ಹಸಿ ಗಾಯದ ಮೇಲೆ ಸ್ಪಿರಿಟ್ ಸುರಿಯುವುದರಿಂದ ಗುಣವಾಗುವುದು ತಡವಾಗುತ್ತದೆಯೇ ಹೊರತು ಬೇರೆ ಪ್ರಯೋಜನವಿಲ್ಲ.

ಬೊಬ್ಬೆ ತಾನೇ ಎಂದು ಉದಾಸೀನ ಮಾಡುವವರಿಗೆ ನಾನು ಒಂದು ಘಟನೆಯನ್ನು ಹೇಳುತ್ತಿರುತ್ತೇನೆ. 1924ರ ಬೇಸಿಗೆಯಲ್ಲಿ ಅಮೆರಿಕದ ಅಧ್ಯಕ್ಷ ಕ್ಯಾಲ್ವಿನ್ ಕೂಲಿಜ್ ಅವರ 16 ವರ್ಷದ ಮಗ ಕಾಲುಚೀಲವಿಲ್ಲದೆ ಷೂ ಹಾಕಿಕೊಂಡು ಟೆನಿಸ್ ಆಡಿದ. ಕಾಲ್ಬೆರಳಿಗೆ ಬೊಬ್ಬೆ ಬಂತು, ಅದಕ್ಕೆ ಸೋಂಕು ತಗಲಿತು, ಸೋಂಕು ರಕ್ತಕ್ಕೆ ಹರಡಿ ಜುಲೈ 7ರಂದು ಆ ಹುಡುಗ ತೀರಿಕೊಂಡ. ಆಗಿನ್ನೂ ಪೆನಿಸಿಲಿನ್ ಪತ್ತೆಯಾಗಿರಲಿಲ್ಲ. ಈಗ ಔಷಧಿಗಳಿವೆ, ಆದರೆ ಅವು ಕೆಲಸ ಮಾಡಬೇಕಾದರೆ ಹೊತ್ತಿಗೆ ಸರಿಯಾಗಿ ಸಿಗಬೇಕು. ಬೊಬ್ಬೆಯ ನೀರು ಕೀವಾದರೆ, ಸುತ್ತಲಿನ ಕೆಂಪು ಹರಡುತ್ತಾ ಹೋದರೆ, ಕಾಲಿನ ಮೇಲ್ಭಾಗಕ್ಕೆ ಕೆಂಪು ಗೆರೆ ಏರಿದರೆ, ಜ್ವರ ಬಂದರೆ ಅದೇ ದಿನ ವೈದ್ಯರನ್ನು ಕಾಣಬೇಕು.

ತಡೆಯುವ ಬಗ್ಗೆ ಹೇಳುವುದಾದರೆ, ಬೊಬ್ಬೆ ಏಳುವ ಮೊದಲು ಆ ಜಾಗ ಬಿಸಿಯಾಗಿ ಚುರುಗುಟ್ಟುತ್ತದೆ. ಆ ಹೊತ್ತಿನಲ್ಲಿ ನಿಂತು, ಷೂ ಬಿಚ್ಚಿ, ಚರ್ಮವನ್ನು ಒರೆಸಿ, ಟೇಪ್ ಅಂಟಿಸಿದರೆ ಹೆಚ್ಚಿನ ಬೊಬ್ಬೆಗಳು ಹುಟ್ಟುವುದೇ ಇಲ್ಲ. ಇನ್ನೊಂದು ಕಿಲೋಮೀಟರ್ ಓಡಿ ನೋಡೋಣ ಎಂದುಕೊಂಡವರೇ ಮರುದಿನ ಕುಂಟುತ್ತಾ ನನ್ನ ಬಳಿಗೆ ಬರುತ್ತಾರೆ. ದುಬಾರಿ ಟೇಪ್ ಬೇಕಾಗಿಯೂ ಇಲ್ಲ. 250 ಕಿಲೋಮೀಟರ್ ದೂರವನ್ನು ಹಲವು ದಿನಗಳಲ್ಲಿ ಓಡಿದ 128 ಮಂದಿಯ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಗಾಯಕ್ಕೆ ಅಂಟಿಸುವ ಸಾಧಾರಣ ಪೇಪರ್ ಟೇಪನ್ನು ಮೊದಲೇ ಹಾಕಿಕೊಂಡ ಜಾಗದಲ್ಲಿ ಬೊಬ್ಬೆಗಳು ಶೇ 40ರಷ್ಟು ಕಡಿಮೆಯಾದವು.

ಒದ್ದೆ ಕೂಡ ಮುಖ್ಯ ಕಾರಣ. ಪೂರ್ತಿ ಒಣಗಿದ ಚರ್ಮಕ್ಕಿಂತ ಸ್ವಲ್ಪ ತೇವವಿರುವ ಚರ್ಮದಲ್ಲಿ ಘರ್ಷಣೆ ಹೆಚ್ಚು. ಹತ್ತಿಯ ಕಾಲುಚೀಲ ಬೆವರನ್ನು ಹೀರಿ ತನ್ನಲ್ಲೇ ಇಟ್ಟುಕೊಳ್ಳುವುದರಿಂದ ದೂರದ ಓಟಕ್ಕೆ ಅದು ಹೊಂದುವುದಿಲ್ಲ. ಬೆವರನ್ನು ಹೊರದಾಟಿಸುವ ಕೃತಕ ನೂಲಿನ ಅಥವಾ ನಯವಾದ ಉಣ್ಣೆಯ ಕಾಲುಚೀಲ ಉತ್ತಮ. ಎರಡು ಪದರದ ಕಾಲುಚೀಲವಾದರೆ ಜಾರಾಟವು ಬಟ್ಟೆ ಬಟ್ಟೆಗಳ ನಡುವೆ ನಡೆದು ಚರ್ಮ ಉಳಿಯುತ್ತದೆ. ಬೆವರು ತಡೆಯುವ ಅಲ್ಯೂಮಿನಿಯಂ ಕ್ಲೋರೈಡ್ ದ್ರಾವಣವನ್ನು ಹಚ್ಚಿಕೊಳ್ಳಬಹುದೇ ಎಂದು ಓಟಗಾರರು ಆಗಾಗ ಕೇಳುತ್ತಾರೆ. ಅಮೆರಿಕದ ಸೇನಾ ಅಕಾಡೆಮಿಯ ಕೆಡೆಟ್‌ಗಳ ಮೇಲೆ ಇದನ್ನು ಪರೀಕ್ಷಿಸಿದ ವರದಿ 1998ರಲ್ಲಿ ಪ್ರಕಟವಾಯಿತು. 21 ಕಿಲೋಮೀಟರ್ ನಡಿಗೆಗೆ ಮುಂಚೆ ಕನಿಷ್ಠ ಮೂರು ರಾತ್ರಿ ಹಚ್ಚಿಕೊಂಡವರಲ್ಲಿ ಶೇ 21 ಮಂದಿಗೆ ಬೊಬ್ಬೆ ಬಂದರೆ, ಔಷಧವಿಲ್ಲದ ದ್ರಾವಣ ಹಚ್ಚಿಕೊಂಡವರಲ್ಲಿ ಶೇ 48 ಮಂದಿಗೆ ಬಂತು. ಆದರೆ ಔಷಧ ಹಚ್ಚಿಕೊಂಡವರಲ್ಲಿ ಶೇ 57 ಮಂದಿಗೆ ಚರ್ಮ ಕೆರಳಿ ತೊಂದರೆಯಾಯಿತು. ಇನ್ನೊಂದು ಗುಂಪಿನಲ್ಲಿ ಅದು ಶೇ 6 ಮಾತ್ರ. ಈ ಕಾರಣಕ್ಕಾಗಿ ನಾನು ಅದನ್ನು ಮೊದಲ ಉಪಾಯವಾಗಿ ಸೂಚಿಸುವುದಿಲ್ಲ.

ನಿಮ್ಮ ವಿಷಯದಲ್ಲಿ ಬೊಬ್ಬೆ ಒಂದೇ ಕಾಲಿನ ಹಿಮ್ಮಡಿಯಲ್ಲಿ ಏಳುತ್ತಿದೆ. ಬಲಗಾಲು ಎಡಗಾಲಿಗಿಂತ ಸ್ವಲ್ಪ ಚಿಕ್ಕದಾಗಿದ್ದು ಷೂವಿನೊಳಗೆ ಮೇಲೆ ಕೆಳಗೆ ಆಡುತ್ತಿರಬಹುದು. ಷೂವಿನ ಹರಡಿನ ಬಳಿ ಇರುವ ಕೊನೆಯ ತೂತಿಗೂ ಲೇಸನ್ನು ಪೋಣಿಸಿ, ಎರಡೂ ಬದಿ ಕುಣಿಕೆ ಮಾಡಿ, ಒಂದರ ತುದಿಯನ್ನು ಇನ್ನೊಂದರ ಕುಣಿಕೆಯೊಳಗೆ ತೂರಿಸಿ ಬಿಗಿದರೆ ಹಿಮ್ಮಡಿ ಅಲುಗಾಡದೆ ಕೂರುತ್ತದೆ. ಈ ಒಂದು ಬದಲಾವಣೆಯನ್ನು ಮೊದಲು ಮಾಡಿ ನೋಡಿ.

ಪ್ರಶ್ನೆ: ದಿನವಿಡೀ ನಿಂತು ಮಾಡುವ ಕೆಲಸ ನನ್ನದು. ಎಡಗಾಲಿನ ಕಿರುಬೆರಳ ಮೇಲೆ ಆಣಿಯಾಗಿದೆ. ಬ್ಲೇಡಿನಿಂದ ಕೆತ್ತಿಕೊಂಡರೆ ಎರಡು ವಾರ ಆರಾಮ, ಆಮೇಲೆ ಮತ್ತೆ ಬೆಳೆಯುತ್ತದೆ. ಬೇರು ಉಳಿದುಕೊಳ್ಳುತ್ತಿರಬಹುದೇ? ಅಂಗಾಲಿನಲ್ಲಿಯೂ ಗಟ್ಟಿ ಚರ್ಮ ಕಾಣಿಸುತ್ತಿದೆ.

ಉತ್ತರ: ಆಣಿಗೆ ಬೇರಿಲ್ಲ. ಅದರ ನಡುವೆ ಒಳಮುಖವಾಗಿ ಚೂಪಾಗಿ ಇಳಿದ ಗಟ್ಟಿ ಚರ್ಮದ ತಿರುಳು ಇರುವುದರಿಂದ, ನಡೆದಾಗ ಅದು ಒಳಗಿನ ನರಗಳನ್ನು ಒತ್ತಿ ಮೊಳೆ ಚುಚ್ಚಿದಂತೆ ನೋಯುತ್ತದೆ. ಆಣಿ ಎಂಬ ಹೆಸರು ಅದಕ್ಕೆ ಚೆನ್ನಾಗಿಯೇ ಒಪ್ಪುತ್ತದೆ. ಅಂಗಾಲಿನಲ್ಲಿ ನೀವು ಕಂಡಿರುವುದು ಬಹುಶಃ ದಡ್ಡು. ಒತ್ತಡ ಅಗಲವಾದ ಜಾಗದ ಮೇಲೆ ಬಿದ್ದರೆ ಚರ್ಮ ದಡ್ಡುಗಟ್ಟುತ್ತದೆ, ಮೂಳೆಯ ಉಬ್ಬಿನ ಮೇಲೆ ಒಂದೇ ಬಿಂದುವಿನಲ್ಲಿ ಬಿದ್ದರೆ ಆಣಿಯಾಗುತ್ತದೆ. ಎರಡೂ ಚರ್ಮವು ತನ್ನನ್ನು ಕಾಪಾಡಿಕೊಳ್ಳಲು ಕಟ್ಟಿಕೊಂಡ ಕವಚಗಳೇ. ಒತ್ತುವ ವಸ್ತು ಇರುವಷ್ಟು ಕಾಲವೂ ಚರ್ಮ ಆ ಕವಚವನ್ನು ಮತ್ತೆ ಕಟ್ಟುತ್ತದೆ. ನಿಮ್ಮ ಎರಡು ವಾರಗಳ ಲೆಕ್ಕಕ್ಕೆ ಕಾರಣ ಇಷ್ಟೇ.

ಮೂರು ಸಲ ಆಣಿ ಕೆತ್ತಿಸಿಕೊಂಡು ಬೇಸತ್ತಿದ್ದ ಒಬ್ಬರು ನನ್ನ ಬಳಿ ಬಂದಿದ್ದರು. ಕಾಲನ್ನು ನೋಡಿದ ಮೇಲೆ ಅವರ ಷೂವನ್ನು ಕೇಳಿ ತೆಗೆದುಕೊಂಡು ಒಳಗೆ ಕೈ ಹಾಕಿದೆ. ಕಿರುಬೆರಳು ತಗಲುವ ಜಾಗದಲ್ಲಿ ಒಳಪದರ ಸವೆದು ನುಣ್ಣಗಾಗಿತ್ತು, ಅದರ ಅಡಿಯಲ್ಲಿದ್ದ ಹೊಲಿಗೆಯ ಗಂಟೊಂದು ಸಾಸಿವೆ ಕಾಳಿನಷ್ಟು ಗಟ್ಟಿಯಾಗಿ ಬೆರಳಿಗೆ ಸಿಕ್ಕಿತು. ಅವರ ಕೈಯನ್ನೂ ಒಳಗೆ ಹಾಕಿಸಿ ಅದನ್ನು ಮುಟ್ಟಿಸಿದೆ. ಮುಂಭಾಗ ಅಗಲವಿರುವ ಬೇರೆ ಷೂ ಹಾಕತೊಡಗಿದ ಎರಡು ತಿಂಗಳಲ್ಲಿ ಆ ಆಣಿ, ನಾನು ಒಂದು ಸಲ ಮೇಲುಮೇಲೆ ತೆಳು ಮಾಡಿದ್ದನ್ನು ಬಿಟ್ಟರೆ, ತಾನಾಗಿ ಮೆತ್ತಗಾಯಿತು.

ಆದ್ದರಿಂದ ನೀವೂ ಷೂವಿನಿಂದಲೇ ಆರಂಭಿಸಿ. ಒಂದು ಕಾಗದದ ಮೇಲೆ ನಿಂತು ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆಸಿಕೊಂಡು, ಅದರ ಮೇಲೆ ನಿಮ್ಮ ಷೂವನ್ನು ಇಟ್ಟು ನೋಡಿ. ಗೆರೆ ಷೂವಿನ ಹೊರಗೆ ಕಾಣಿಸಿದರೆ ದಿನವೂ ಅಷ್ಟು ಪಾದವನ್ನು ನೀವು ಅದರೊಳಗೆ ತುರುಕುತ್ತಿದ್ದೀರಿ ಎಂದು ಅರ್ಥ. ನಿಂತು ಕೆಲಸ ಮಾಡುವವರ ಪಾದ ಸಂಜೆಯ ಹೊತ್ತಿಗೆ ಊದಿಕೊಳ್ಳುವುದರಿಂದ ಷೂವನ್ನು ಆಗಲೇ ಕೊಳ್ಳಬೇಕು; ಎರಡೂ ಕಾಲಿಗೆ ಹಾಕಿ, ನಿಂತು ನೋಡಿ, ಅತಿ ಉದ್ದದ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗ ಉಳಿದಿರಬೇಕು. ಅತಿ ಉದ್ದದ ಬೆರಳು ಹೆಬ್ಬೆರಳೇ ಆಗಿರಬೇಕೆಂದಿಲ್ಲ, ಅನೇಕರಲ್ಲಿ ಅದು ಎರಡನೆಯ ಬೆರಳು. ಹಾಕುತ್ತಾ ಹಾಕುತ್ತಾ ಸಡಿಲವಾಗುತ್ತದೆ ಎಂಬ ಭರವಸೆಯ ಮೇಲೆ ಬಿಗಿ ಷೂ ಕೊಳ್ಳಬೇಡಿ.

ಬ್ಲೇಡನ್ನು ಇಂದೇ ಬಿಡಿ. ಬೆಚ್ಚಗಿನ ನೀರಿನಲ್ಲಿ ಹತ್ತು ಹದಿನೈದು ನಿಮಿಷ ಕಾಲು ನೆನೆಸಿ, ಮೆತ್ತಗಾದ ಚರ್ಮವನ್ನು ಪ್ಯೂಮಿಸ್ ಕಲ್ಲಿನಿಂದ ಮೆಲ್ಲಗೆ ಉಜ್ಜಿ, ಯೂರಿಯಾ ಇರುವ ಮುಲಾಮು ಹಚ್ಚುತ್ತಾ ಬಂದರೆ ಸಾಕು. ಒಂದೇ ದಿನದಲ್ಲಿ ಎಲ್ಲವನ್ನೂ ತೆಗೆಯಲು ಹೋಗಬೇಡಿ. ಸ್ಯಾಲಿಸಿಲಿಕ್ ಆಮ್ಲದ ಪಟ್ಟಿಗಳು ಗಟ್ಟಿ ಚರ್ಮವನ್ನು ಕರಗಿಸುವುದು ನಿಜವಾದರೂ ಪಕ್ಕದ ಒಳ್ಳೆಯ ಚರ್ಮವನ್ನೂ ಸುಡಬಲ್ಲವು. ಬಳಸಲೇಬೇಕಾದರೆ ಪಟ್ಟಿಯನ್ನು ಆಣಿಯಷ್ಟೇ ಅಗಲಕ್ಕೆ ಕತ್ತರಿಸಿ ಹಾಕಿ. ಅಂಗಾಲಿನ ಗಟ್ಟಿ ಚರ್ಮ ನರಹುಲಿಯೂ ಆಗಿರಬಹುದು, ಅದನ್ನು ಗುರುತಿಸಲು ಒಂದು ಉಪಾಯವಿದೆ. ಚರ್ಮದ ಗೆರೆಗಳು ದಡ್ಡಿನ ಮೇಲೆ ಮುಂದುವರಿಯುತ್ತವೆ, ನರಹುಲಿಯ ಬಳಿ ಬಂದು ನಿಂತು ಬಳಸಿ ಹೋಗುತ್ತವೆ. ನರಹುಲಿಯ ಮೇಲೆ ಕಪ್ಪು ಚುಕ್ಕೆಗಳಿದ್ದು, ಎರಡು ಬದಿಯಿಂದ ಚಿವುಟಿದರೆ ನೋಯುತ್ತದೆ. ಆಣಿ ಮೇಲಿನಿಂದ ನೇರವಾಗಿ ಒತ್ತಿದರೆ ನೋಯುತ್ತದೆ. ನರಹುಲಿ ವೈರಸ್‌ನಿಂದ ಬರುವಂಥದ್ದು, ಅದರ ಚಿಕಿತ್ಸೆ ಬೇರೆ.

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ, ಸಕ್ಕರೆ ಕಾಯಿಲೆ ಬಂದು 15 ವರ್ಷವಾಯಿತು. ಹೊಸ ಷೂ ಕಚ್ಚಿ ಹೆಬ್ಬೆರಳ ಪಕ್ಕ ಬೊಬ್ಬೆಯಾಗಿದೆ. ನೋವೇ ಇಲ್ಲ ಎನ್ನುತ್ತಾರೆ. ಮನೆಯಲ್ಲೇ ನೋಡಿಕೊಳ್ಳಬಹುದೇ?

ಉತ್ತರ: ಬೇಡ. ಈ ಪುಟ ನಿಮ್ಮ ಕೈಸೇರುವ ಹೊತ್ತಿಗೆ ಬೊಬ್ಬೆ ಇನ್ನೂ ಇದ್ದರೆ, ಅಥವಾ ಒಡೆದು ಗಾಯವಾಗಿದ್ದರೆ, ಇಂದೇ ಅವರನ್ನು ವೈದ್ಯರ ಬಳಿ ಕರೆದುಕೊಂಡು ಹೋಗಿ. ನೋವಿಲ್ಲ ಎಂಬ ಮಾತು ನಿಮಗೆ ಸಮಾಧಾನ ಕೊಟ್ಟಿರಬಹುದು, ನನಗೆ ಅದೇ ಆತಂಕದ ಸಂಗತಿ. ಇಷ್ಟು ವರ್ಷಗಳ ಸಕ್ಕರೆ ಕಾಯಿಲೆಯಿಂದ ಪಾದದ ನರಗಳು ಮಂದವಾಗಿದ್ದರೆ, ನಮಗೆ ನಿಮಗೆ ಷೂ ಬಿಚ್ಚಿಸುವ ಆ ಚುರುಗುಟ್ಟುವಿಕೆ ಅವರಿಗೆ ತಿಳಿಯುವುದೇ ಇಲ್ಲ. ಕುಷ್ಠರೋಗಿಗಳ ನಡುವೆ ದಶಕಗಳ ಕಾಲ ಕೆಲಸ ಮಾಡಿದ ಶಸ್ತ್ರವೈದ್ಯ ಪಾಲ್ ಬ್ರಾಂಡ್, ಅವರ ಕೈಕಾಲು ಹಾಳಾಗುವುದಕ್ಕೆ ಸ್ಪರ್ಶವಿಲ್ಲದ ಜಾಗದ ಮೇಲೆ ಮತ್ತೆ ಮತ್ತೆ ಬೀಳುವ ಸಾಧಾರಣ ಒತ್ತಡವೂ ದೊಡ್ಡ ಕಾರಣವೆಂದು ತೋರಿಸಿಕೊಟ್ಟರು. ಸಕ್ಕರೆ ಕಾಯಿಲೆಯ ಪಾದಕ್ಕೂ ಇದೇ ಮಾತು ಸಲ್ಲುತ್ತದೆ.

ಬೊಬ್ಬೆಗೆ ಸೂಜಿ ಚುಚ್ಚಬೇಡಿ, ಆಮ್ಲದ ಪಟ್ಟಿ ಹಾಕಬೇಡಿ, ಬಿಸಿನೀರಿನಲ್ಲಿ ಕಾಲು ಇಳಿಸಬೇಡಿ. ನೀರಿನ ಬಿಸಿಯೂ ಅವರಿಗೆ ತಿಳಿಯದೆ ಸುಡಬಹುದು. ಆ ಷೂವನ್ನು ಅವರ ಕೈಗೆ ಸಿಗದಂತೆ ಎತ್ತಿಡಿ. ವೈದ್ಯರು ತೆಳುವಾದ ನೈಲಾನ್ ಎಳೆಯೊಂದನ್ನು ಅಂಗಾಲಿಗೆ ತಾಗಿಸಿ ಸ್ಪರ್ಶವನ್ನು ಪರೀಕ್ಷಿಸುತ್ತಾರೆ, ಪಾದದ ನಾಡಿಯನ್ನೂ ನೋಡುತ್ತಾರೆ. ಇವೆರಡನ್ನೂ ವರ್ಷಕ್ಕೊಮ್ಮೆಯಾದರೂ ಮಾಡಿಸಿ. ಇನ್ನು ಮುಂದೆ ಪ್ರತಿ ರಾತ್ರಿ ಅವರ ಎರಡೂ ಪಾದಗಳನ್ನು, ಬೆರಳ ಸಂದಿಗಳನ್ನೂ ಬಿಡದೆ, ನೀವೇ ನೋಡಿ. ಒಬ್ಬರೇ ಇರುವ ದಿನ ಅವರು ನೆಲದ ಮೇಲೆ ಕನ್ನಡಿ ಇಟ್ಟುಕೊಂಡು ಅಂಗಾಲು ನೋಡಿಕೊಳ್ಳಲಿ. ಷೂ ಹಾಕುವ ಮೊದಲು ಅದನ್ನು ಕೊಡವಿ, ಒಳಗೆ ಕೈಯಾಡಿಸುವ ಅಭ್ಯಾಸ ಮಾಡಿಸಿ. ಒಂದು ಸಣ್ಣ ಕಲ್ಲನ್ನು ತುಳಿದುಕೊಂಡೇ ದಿನವಿಡೀ ಓಡಾಡಿದ ಹಿರಿಯರನ್ನು ನಾನು ನೋಡಿದ್ದೇನೆ.

ಪ್ರಶ್ನೆ: ಹಿಮ್ಮಡಿ ಒಡೆದು ಬಿರುಕಿನಿಂದ ರಕ್ತ ಬರುತ್ತದೆ. ಹಿಂಭಾಗ ತೆರೆದ ಚಪ್ಪಲಿ ಹಾಕುತ್ತೇನೆ. ಯಾವ ಮುಲಾಮು ಒಳ್ಳೆಯದು?

ಉತ್ತರ: ಮೈಯ ಭಾರ ಬಿದ್ದಾಗ ಹಿಮ್ಮಡಿಯ ಕೊಬ್ಬಿನ ಮೆತ್ತೆ ಪಕ್ಕಕ್ಕೆ ಹರಡುತ್ತದೆ. ಹಿಂಭಾಗ ಮುಚ್ಚಿದ ಷೂ ಅದನ್ನು ಹಿಡಿದಿಡುತ್ತದೆ. ತೆರೆದ ಚಪ್ಪಲಿಯಲ್ಲಿ ಅಂಚಿಗೆ ತಿಕ್ಕಿ ತಿಕ್ಕಿ ದಡ್ಡುಗಟ್ಟಿ ಒಣಗಿದ ಚರ್ಮ ಆ ಹರಡುವಿಕೆಯನ್ನು ತಾಳಲಾರದೆ ಸೀಳುತ್ತದೆ. ಕೆಲವು ವಾರ ಹಿಮ್ಮಡಿ ಮುಚ್ಚುವ ಪಾದರಕ್ಷೆ ಹಾಕಿ. ಶೇ 10ರಿಂದ 25ರಷ್ಟು ಯೂರಿಯಾ ಇರುವ ಮುಲಾಮನ್ನು ಸ್ನಾನವಾದ ಕೂಡಲೇ ಹಚ್ಚಿ, ರಾತ್ರಿ ದಪ್ಪವಾಗಿ ಪೆಟ್ರೋಲಿಯಂ ಜೆಲ್ಲಿ ಸವರಿ ಹತ್ತಿಯ ಕಾಲುಚೀಲ ಹಾಕಿಕೊಂಡು ಮಲಗಿ. ರಕ್ತ ಬರುವ ಬಿರುಕಿಗೆ ಯೂರಿಯಾ ತಾಗಿದರೆ ಉರಿಯುತ್ತದೆ, ಅಲ್ಲಿಗೆ ಜೆಲ್ಲಿ ಮಾತ್ರ ಸಾಕು. ಬಿರುಕಿನ ಎರಡು ದಡಗಳನ್ನು ಹತ್ತಿರ ತಂದು ಅಡ್ಡಲಾಗಿ ಟೇಪ್ ಹಾಕಿದರೆ ಬೇಗ ಕೂಡಿಕೊಳ್ಳುತ್ತದೆ. ಅಂಗಾಲಿನ ಪೂರ್ತಿ ಬಿಳಿ ಹೊಟ್ಟು ಏಳುತ್ತಿದ್ದರೆ, ಬೆರಳ ಸಂದಿಯಲ್ಲಿ ತುರಿಕೆಯಿದ್ದರೆ ಅದು ಶಿಲೀಂಧ್ರದ ಸೋಂಕಾಗಿರಬಹುದು. ಆಗ ಈ ಉಪಚಾರವೆಲ್ಲ ಸಾಲದು, ಚರ್ಮವೈದ್ಯರಿಗೆ ತೋರಿಸಿ.

ಪ್ರಶ್ನೆ: ಬೆಟ್ಟ ಹತ್ತಿ ಇಳಿದ ಮರುದಿನ ಹೆಬ್ಬೆರಳ ಉಗುರು ಕಪ್ಪಾಗಿದೆ. ಉಗುರು ಬಿದ್ದು ಹೋಗುತ್ತದೆಯೇ?

ಉತ್ತರ: ಇಳಿಜಾರಿನಲ್ಲಿ ಪಾದ ಮುಂದಕ್ಕೆ ಜಾರಿ ಉಗುರು ಷೂವಿನ ಮುಂತುದಿಗೆ ಮತ್ತೆ ಮತ್ತೆ ಬಡಿದು ಕೆಳಗೆ ರಕ್ತ ಕಟ್ಟಿಕೊಂಡಿದೆ. ಬೀಳಬಹುದು, ಬಿದ್ದರೂ ಹೊಸದು ಬರುತ್ತದೆ. ಹೆಬ್ಬೆರಳ ಉಗುರು ಪೂರ್ತಿ ಬೆಳೆಯಲು 12ರಿಂದ 18 ತಿಂಗಳು ಬೇಕು. ತಡೆಯಲಾರದಷ್ಟು ನೋವಿದ್ದರೆ ಮಾತ್ರ ಮೊದಲ ಒಂದೆರಡು ದಿನಗಳಲ್ಲೇ ವೈದ್ಯರಿಂದ ರಕ್ತವನ್ನು ತೆಗೆಸಬೇಕು. ಕಪ್ಪು ಕಲೆ ಉಗುರಿನೊಂದಿಗೆ ಮುಂದಕ್ಕೆ ಸರಿಯದೆ ನಿಂತಲ್ಲೇ ನಿಂತರೆ, ಅಥವಾ ಪೆಟ್ಟಿಲ್ಲದೆ ಉದ್ದ ಗೆರೆಯಾಗಿ ಮೂಡಿ ಬುಡದ ಚರ್ಮಕ್ಕೂ ಹರಡಿದರೆ ತಡಮಾಡದೆ ತೋರಿಸಿ, ಅಪರೂಪಕ್ಕೆ ಅದು ಕ್ಯಾನ್ಸರ್ ಆಗಿರುತ್ತದೆ. ಮುಂದಿನ ಸಲ ಹೊರಡುವ ಮೊದಲು ಉಗುರನ್ನು ನೇರವಾಗಿ, ಗಿಡ್ಡವಾಗಿ ಕತ್ತರಿಸಿಕೊಂಡು, ಇಳಿಯುವಾಗ ಲೇಸನ್ನು ಬಿಗಿ ಮಾಡಿ.

ಪ್ರಶ್ನೆ: ಮೂರು ವರ್ಷದ ಮಗಳಿಗೆ ನಡೆಯಲು ಕಲಿತಾಗಿನಿಂದ ಅಂಗಾಲಿನಲ್ಲಿ ಬೊಬ್ಬೆಗಳು ಬರುತ್ತಿವೆ. ಸೆಖೆಯಲ್ಲಿ ಹೆಚ್ಚು. ನಾಲ್ಕು ಬಗೆಯ ಷೂ ಬದಲಿಸಿದೆವು. ನನ್ನ ಪತಿಗೂ ಚಿಕ್ಕಂದಿನಲ್ಲಿ ಹೀಗೇ ಇತ್ತಂತೆ. ನಾವು ಎಲ್ಲಿ ತಪ್ಪುತ್ತಿದ್ದೇವೆ?

ಉತ್ತರ: ತಾಯಿ, ನಿಮ್ಮ ತಪ್ಪು ಏನೂ ಇಲ್ಲ. ಇಷ್ಟು ಚಿಕ್ಕ ವಯಸ್ಸಿನಲ್ಲಿ, ಸಾಧಾರಣ ನಡಿಗೆಗೇ ಬೊಬ್ಬೆ ಏಳುತ್ತಿದ್ದು, ತಂದೆಗೂ ಇದ್ದಿತ್ತೆಂದರೆ, ಎಪಿಡರ್ಮೊಲೈಸಿಸ್ ಬುಲ್ಲೋಸಾ ಸಿಂಪ್ಲೆಕ್ಸ್ ಎಂಬ ವಂಶವಾಹಿ ತೊಂದರೆಯ ಸೌಮ್ಯ ರೂಪ ಇರಬಹುದೇ ಎಂದು ನೋಡಬೇಕಾಗುತ್ತದೆ. ಹೊರಚರ್ಮದ ತಳದ ಜೀವಕೋಶಗಳಿಗೆ ಬಲ ಕೊಡುವ ಕೆರಾಟಿನ್ ಎಂಬ ಪ್ರೊಟೀನಿನಲ್ಲಿ ಹುಟ್ಟಿನಿಂದಲೇ ದೋಷವಿರುವುದರಿಂದ, ಬೇರೆ ಮಕ್ಕಳಿಗೆ ಏನೂ ಆಗದ ತಿಕ್ಕಾಟಕ್ಕೆ ಈ ಮಕ್ಕಳ ಚರ್ಮ ಬಿಟ್ಟುಕೊಳ್ಳುತ್ತದೆ. ಇದು ಅಂಟುವ ರೋಗವಲ್ಲ. ಮಕ್ಕಳ ಚರ್ಮರೋಗ ತಜ್ಞರು ಚರ್ಮದ ತುಣುಕಿನ ಪರೀಕ್ಷೆ ಅಥವಾ ಜೀನ್ ಪರೀಕ್ಷೆಯಿಂದ ಖಚಿತಪಡಿಸಬಲ್ಲರು. ಹೋಗುವಾಗ ನಿಮ್ಮ ಪತಿಯೂ ಜೊತೆಗಿರಲಿ.

ಮೊದಲ ಉತ್ತರದಲ್ಲಿ ಹೇಳಿದ ಟೇಪನ್ನು ಈ ಮಗುವಿಗೆ ಅಂಟಿಸಬೇಡಿ, ಕೀಳುವಾಗ ಚರ್ಮವೂ ಬಂದುಬಿಡಬಹುದು; ಅಂಟಿಕೊಳ್ಳದ ಮೆತ್ತನೆಯ ಬ್ಯಾಂಡೇಜ್ ಇಟ್ಟು ಮೇಲೆ ಕಾಲುಚೀಲ ಹಾಕಿ. ಸಾಧಾರಣ ಬೊಬ್ಬೆಯಂತಲ್ಲದೆ ಈ ಬೊಬ್ಬೆಗಳು ಸುತ್ತ ಹರಡುತ್ತಾ ಹೋಗುವುದರಿಂದ ಬೇಗನೆ ನೀರು ತೆಗೆಯಬೇಕಾಗುತ್ತದೆ, ಅದನ್ನು ಮಾಡುವ ವಿಧಾನವನ್ನು ತಜ್ಞರಿಂದ ಕಣ್ಣಾರೆ ನೋಡಿ ಕಲಿಯಿರಿ. ಅಲ್ಲಿಯವರೆಗೆ ಷೂವಿನ ಒಳಭಾಗ ಹೊಲಿಗೆಯಿಲ್ಲದೆ ನಯವಾಗಿರಲಿ, ಪಾದಗಳನ್ನು ತಂಪಾಗಿಡಿ, ಮಗುವಿನ ಕಾಲುಚೀಲವನ್ನು ಹೊಲಿಗೆ ಹೊರಗೆ ಬರುವಂತೆ ಮಗುಚಿ ಹಾಕಿ.